21 ದಿನ ಮಾಡಿದರೆ ಅಭ್ಯಾಸವಾಗುತ್ತದೆಯೇ?

ಯಾವುದೇ ಕೆಲಸವನ್ನು 21 ದಿನ ಬಿಡದೆ ಮಾಡಿದರೆ ಅದು ಅಭ್ಯಾಸವಾಗಿಬಿಡುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಎಷ್ಟು ನಿಜ?

ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕವೊಂದು ಈ ಮಾತಿನ ಮೂಲ. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕು ಎಂದು ಅವರು ಗಮನಿಸಿದ್ದರು. ಮಾತು ಬಾಯಿಂದ ಬಾಯಿಗೆ ಹೋಗುವಾಗ ಆ 'ಕನಿಷ್ಠ' ಕಳಚಿಬಿತ್ತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಪ್ರತಿಯೊಬ್ಬರೂ ಒಂದು ಹೊಸ ಕೆಲಸವನ್ನು 'ತಿಂಡಿಯ ನಂತರ' ಎಂಬಂಥ ದಿನಚರಿಯ ಒಂದು ಘಟ್ಟಕ್ಕೆ ಜೋಡಿಸಿಕೊಂಡಿದ್ದರು. ಅದು ತಾನಾಗಿಯೇ ನಡೆಯುವಂತಾಗಲು ಹಿಡಿಯುವ ಕಾಲ ಸುಮಾರು 66 ದಿನ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ.

ಜೋಡಿಸುವುದರಿಂದ ಏನಾಗುತ್ತದೆ?

ಒಂದೇ ಸಂದರ್ಭದಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ, ನಮ್ಮ ಮಿದುಳು ಅವೆರಡಕ್ಕೂ ಗಂಟು ಹಾಕುತ್ತದೆ. ಆಮೇಲೆ ಆ ಸಂದರ್ಭವೇ ಕೆಲಸವನ್ನು ನೆನಪಿಸುತ್ತದೆ. ಹಲ್ಲುಜ್ಜಲು ನಾವು ಅಲಾರಂ ಇಡುವುದಿಲ್ಲವಲ್ಲ!

ಇದು ಹೆಚ್ಚು ಉಪಯೋಗಕ್ಕೆ ಬರುವುದು ರಕ್ತದೊತ್ತಡದ ಮಾತ್ರೆಯಂಥ ವಿಷಯದಲ್ಲಿ. ತಲೆನೋವಿನ ಮಾತ್ರೆಯನ್ನು ನೋವೇ ನೆನಪಿಸುತ್ತದೆ. ಬಿಪಿ ಹೆಚ್ಚಿದ್ದರೂ ಬಹುತೇಕರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮಾತ್ರೆ ಮರೆಯುವುದು ಸುಲಭ. ಆದರೆ ದಿನಗಟ್ಟಲೆ ಮರೆತರೆ ಪಾರ್ಶ್ವವಾಯು, ಹೃದಯಾಘಾತದ ಅಪಾಯ ಹೆಚ್ಚುತ್ತದೆ.

ಯಾವುದಕ್ಕೆ ಜೋಡಿಸಬೇಕು?

ಭಾನುವಾರವೂ ಹಬ್ಬದ ದಿನವೂ ತಪ್ಪದ ಕೆಲಸವೇ ಒಳ್ಳೆಯ ಗೂಟ. 'ಆಫೀಸಿಗೆ ಹೊರಡುವಾಗ' ಎಂದುಕೊಂಡರೆ ರಜೆಯ ದಿನ ಮಾತ್ರೆಗೂ ರಜೆ! 'ಬೆಳಿಗ್ಗೆ ಯಾವಾಗಲಾದರೂ' ಎನ್ನುವುದಕ್ಕಿಂತ 'ತಿಂಡಿ ತಿಂದು ಕೈತೊಳೆದ ಕೂಡಲೇ' ಎನ್ನುವುದು ಸ್ಪಷ್ಟ. ಮಕ್ಕಳ ಕೈಗೆ ಸಿಗದಂತೆ ಮಾತ್ರೆಯನ್ನು ಅಲ್ಲೇ ಹತ್ತಿರದಲ್ಲಿಟ್ಟರೆ ಇನ್ನೂ ಒಳ್ಳೆಯದು.

ಆದರೆ ಒಂದು ಎಚ್ಚರಿಕೆ. ಎಲ್ಲವನ್ನೂ ಕಾಫಿಗೆ ಕಟ್ಟಬಾರದು. ಥೈರಾಯ್ಡ್ ಕೊರತೆಗೆ ಕೊಡುವ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬೇಕು. ಜೊತೆಗೆ ಕಾಫಿ ಕುಡಿದರೆ ಔಷಧ ಸರಿಯಾಗಿ ಹೀರಿಕೆಯಾಗುವುದಿಲ್ಲ. ಅದಕ್ಕೆ ಹಾಸಿಗೆ ಬಿಟ್ಟೇಳುವ ಹೊತ್ತೇ ಸರಿಯಾದ ಜೋಡಿ. ಹಾಗಾಗಿ ಮಾತ್ರೆಯ ಹೊತ್ತನ್ನು ವೈದ್ಯರಿಂದ ಕೇಳಿ ತಿಳಿದು, ಆ ಹೊತ್ತಿಗೆ ಹೊಂದುವ ದಿನಚರಿಯನ್ನು ನಾವು ಹುಡುಕಿಕೊಳ್ಳೋಣ. 22ನೆಯ ದಿನವೂ ಮರೆತುಹೋದರೆ ಅದು ನಮ್ಮ ಸೋಲಲ್ಲ, ಮರುದಿನ ಮುಂದುವರಿಸಿದರಾಯಿತು.