ವನ್ಯಜೀವಿ ಮಂಡಳಿಯಲ್ಲಿ ಕುರಿಗಾರನಿಗೆ ಕುರ್ಚಿ ಎಲ್ಲಿ?

ರಾಜ್ಯ ವನ್ಯಜೀವಿ ಮಂಡಳಿ ಎಂಬುದೊಂದು ಇದೆ. ಬೂದಿಗೆರೆಯ ಅರಳೀಕಟ್ಟೆಯ ಮೇಲೆ ಕೂತ ಹತ್ತು ಜನರನ್ನು ಅದರ ಬಗ್ಗೆ ಕೇಳಿದೆ. ಒಬ್ಬರೂ ಅದರ ಹೆಸರು ಕೇಳಿದವರಲ್ಲ. ಆದರೆ ನವಿಲು ಹಿಂಡು ಬಿದ್ದು ರಾಗಿ ಪೈರು ಹಾಳಾದ ಕಥೆಯನ್ನು ಹತ್ತು ಜನರೂ ಹೇಳಬಲ್ಲರು. ನಷ್ಟ ಗೊತ್ತಿರುವವರಿಗೆ ಮಂಡಳಿ ಗೊತ್ತಿಲ್ಲ. ಮಂಡಳಿಯಲ್ಲಿ ಕೂತವರಿಗೆ ನಷ್ಟ ಗೊತ್ತಿಲ್ಲ. ಈ ಲೇಖನದ ವಿಷಯ ಇಷ್ಟೇ.

ಮೇಷ್ಟ್ರ ಕೆಲಸ ನಾನು ಬಿಟ್ಟರೂ ಅರ್ಜಿ ಬರೆಯುವ ಕೆಲಸ ನನ್ನನ್ನು ಬಿಟ್ಟಿಲ್ಲ. ಈಚೆಗೆ ಕುರಿಗಾರನೊಬ್ಬ ಅರ್ಜಿ ಬರೆಸಲು ಬಂದ. ಚಿರತೆ ಅವನ ಎರಡು ಕುರಿಗಳನ್ನು ಹೊತ್ತಿತ್ತು. ಫೋಟೋ, ಪಂಚನಾಮೆ, ದನದ ಡಾಕ್ಟರ ಸರ್ಟಿಫಿಕೇಟು ಎಂದು ತಿರುಗಿ ತಿರುಗಿ ಅವನ ಕೂಲಿ ದಿನಗಳು ಕಳೆದಿದ್ದವು. ಅರ್ಜಿಗೆ ಹೆಬ್ಬೆಟ್ಟು ಒತ್ತಿ ಅವನು ಹೇಳಿದ: "ಮೇಷ್ಟ್ರೇ, ಚಿರತೆ ಸಾಯ್ಲಿ ಅಂತ ನಾನೇನೂ ಹೇಳಾಕಿಲ್ಲ. ಅದೂ ಬದುಕ್ಲಿ. ಚಿರತೆ ಪರವಾಗಿ ಮಾತಾಡೋಕೆ ದೊಡ್ಡೋರು ಅವ್ರೆ. ಕುರಿ ಪರವಾಗಿ ಯಾರವ್ರೆ?"

ಉತ್ತರ ಹುಡುಕಿ ನಾನು ಕಾಯಿದೆಯನ್ನೇ ತೆರೆದು ನೋಡಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲು ರಾಜ್ಯಕ್ಕೊಂದು ಸಲಹಾ ಮಂಡಳಿಯನ್ನು ಕೊಟ್ಟಿತ್ತು. 2002ರ ತಿದ್ದುಪಡಿಯಿಂದ ಅದು ಈಗಿನ ರಾಜ್ಯ ಮಂಡಳಿಯಾಯಿತು. ಮುಖ್ಯಮಂತ್ರಿಗಳು ಅಧ್ಯಕ್ಷರು, ಅರಣ್ಯ ಮಂತ್ರಿಗಳು ಉಪಾಧ್ಯಕ್ಷರು. ಶಾಸಕರಿಗೆ 3 ಸ್ಥಾನ, ಸ್ವಯಂಸೇವಾ ಸಂಸ್ಥೆಗಳಿಗೆ 3. ಸಂರಕ್ಷಣೆಯಲ್ಲಿ ಹೆಸರು ಮಾಡಿದ "ಗಣ್ಯ" ಪರಿಸರ ತಜ್ಞರಿಗೆ 10. ಅವರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಪಂಗಡದ ಪ್ರತಿನಿಧಿಗಳಿರಬೇಕು. ಇವರನ್ನೆಲ್ಲ ಆರಿಸುವುದು ಸರ್ಕಾರ. ಉಳಿದವು ಅಧಿಕಾರಿಗಳಿಗೆ ಮತ್ತು ಸರ್ಕಾರಿ ಸಂಸ್ಥೆಗಳಿಗೆ. ಪ್ರವಾಸೋದ್ಯಮ ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ ಕುರ್ಚಿ ಇದೆ. ಬ್ರಿಗೇಡಿಯರ್ ದರ್ಜೆಗೆ ಕಡಿಮೆಯಿಲ್ಲದ ಸೈನ್ಯಾಧಿಕಾರಿಗೆ ಕುರ್ಚಿ ಇದೆ. ಪಶುಪಾಲನೆಯ ನಿರ್ದೇಶಕರು ಇದ್ದಾರೆ, ಪಶು ಮೇಯಿಸುವವನು ಇಲ್ಲ. ಮೀನುಗಾರಿಕೆಯ ನಿರ್ದೇಶಕರು ಇದ್ದಾರೆ, ಬಲೆ ಬೀಸುವವನು ಇಲ್ಲ. ಹೊಲ ಉಳುವವನ ಹೆಸರಂತೂ ಪಟ್ಟಿಯಲ್ಲೇ ಇಲ್ಲ.

ಇದೇ ಕಾಯಿದೆ ಮಂಡಳಿಗೆ ಒಪ್ಪಿಸಿರುವ ಕರ್ತವ್ಯಗಳಲ್ಲಿ ಒಂದು, ಬುಡಕಟ್ಟಿನವರ ಮತ್ತು ಇತರ ಅರಣ್ಯವಾಸಿಗಳ ಅಗತ್ಯಗಳನ್ನೂ ವನ್ಯಜೀವಿಗಳ ರಕ್ಷಣೆಯನ್ನೂ ಹೊಂದಿಸುವುದು. ಎರಡು ಕಡೆಯವರನ್ನು ಹೊಂದಿಸಬೇಕಾದ ಪಂಚಾಯಿತಿಗೆ ಒಂದು ಕಡೆಯವರನ್ನು ಹೆಸರಿಗಷ್ಟೇ ಕರೆದರೆ ಅದನ್ನು ನ್ಯಾಯವೆಂದು ನಮ್ಮ ಹಳ್ಳಿಯಲ್ಲಿ ಯಾರೂ ಒಪ್ಪುವುದಿಲ್ಲ.

ಈ ಏರ್ಪಾಡು ಹೊಸದೇನೂ ಅಲ್ಲ. ಬಂಡೀಪುರ ಒಂದು ಕಾಲಕ್ಕೆ ಮಹಾರಾಜರ ಶಿಕಾರಿಯ ಕಾಡು. ಕಾಕನಕೋಟೆಯ ಖೆಡ್ಡಾದಲ್ಲಿ ಆನೆಗಳನ್ನು ಅಟ್ಟುವ ಕೆಲಸ ಕಾಡಿನ ಜನರದ್ದು, ಕೂತು ನೋಡುವ ಭಾಗ್ಯ ಅತಿಥಿಗಳದ್ದು. ಮಹಾರಾಜರು ಹೋದರು, ಖೆಡ್ಡಾ ನಿಂತಿತು. ಕೂರುವವರು ಯಾರು, ಓಡುವವರು ಯಾರು ಎಂಬುದು ಮಾತ್ರ ಬದಲಾಗಲಿಲ್ಲ.

"ಇದೆಲ್ಲ ನಾಗರಹೊಳೆಯ ಮಾತಾಯಿತು, ನಮ್ಮ ಜಿಲ್ಲೆಗೇನು?" ಎಂದು ಕೇಳುವ ಓದುಗರಿದ್ದಾರೆ. ಅವರು ಹೆಸರಘಟ್ಟದ ಕಡೆ ನೋಡಲಿ. ನಂದಿಯಲ್ಲಿ ಹುಟ್ಟಿದ ಅರ್ಕಾವತಿ ದೊಡ್ಡಬಳ್ಳಾಪುರ ದಾಟಿ ಅಲ್ಲಿಗೆ ಹೋಗುತ್ತದೆ. 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಹೊರಟದ್ದು ಅಲ್ಲಿಂದ. ಅದರ ಸುತ್ತಲ ಹುಲ್ಲುಗಾವಲಿನ ಸುಮಾರು 5 ಸಾವಿರ ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಬೇಕೆಂಬ ಪ್ರಸ್ತಾಪ ಮಂಡಳಿಯ ಮುಂದೆ ಬಂತು. 2021ರ ಜನವರಿಯಲ್ಲಿ ಮಂಡಳಿ ಅದನ್ನು ತಳ್ಳಿಹಾಕಿತು. ಸ್ಥಳೀಯ ಜನರಿಗೆ, ರೈತರಿಗೆ ತೊಂದರೆಯಾಗುತ್ತದೆಂಬ ಮಾತು ಆಗ ರಾಜಕಾರಣಿಗಳ ಬಾಯಲ್ಲಿ ಕೇಳಿಬಂತು.

ಇಲ್ಲಿ ಸ್ವಲ್ಪ ನಿಲ್ಲೋಣ. ಸಂರಕ್ಷಣಾ ಮೀಸಲು ಎಂಬುದು ಸರ್ಕಾರದ ಜಮೀನಿಗೆ ಮಾತ್ರ ಅನ್ವಯ. ರೈತನ ಪಟ್ಟಾ ಜಮೀನು ಅದರಲ್ಲಿ ಸೇರುವುದಿಲ್ಲ. ಅಭಯಾರಣ್ಯದಷ್ಟು ಬಿಗಿ ನಿಯಮ ಅಲ್ಲಿಲ್ಲ. ಮೀಸಲು ಘೋಷಿಸುವ ಮೊದಲು ಸ್ಥಳೀಯರೊಡನೆ ಸಮಾಲೋಚಿಸಬೇಕೆಂದೂ, ಅದರ ನಿರ್ವಹಣಾ ಸಮಿತಿಯಲ್ಲಿ ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ ಇರಬೇಕೆಂದೂ ಕಾಯಿದೆಯೇ ಹೇಳುತ್ತದೆ. ಇದನ್ನು ಹುಲ್ಲುಗಾವಲಿನ ಅಂಚಿನ ಕುರಿಗಾರನಿಗೆ ಕೂಡಿಸಿಕೊಂಡು ತಿಳಿಸಿದವರು ಯಾರು? ಅದೇ ಬಯಲಲ್ಲಿ ಚಿತ್ರನಗರಿ ಕಟ್ಟುವ ಮಾತು ಬಂದಿತ್ತಲ್ಲ, ಚಿತ್ರನಗರಿಯ ಬೇಲಿಯೊಳಗೆ ಅವನ ಮಂದೆಯನ್ನು ಬಿಡುತ್ತಿದ್ದರೇ? ಅವನಿಗೆ ಮಂಡಳಿಯಲ್ಲಿ ಸ್ವಂತ ಬಾಯಿ ಇರಲಿಲ್ಲ. ಆದ್ದರಿಂದ ಅವನ ಹೆಸರು ಹೇಳಿಕೊಂಡು ಬೇರೆಯವರು ಮಾತಾಡಿದರು.

ವಿಷಯ ಹೈಕೋರ್ಟಿಗೆ ಹೋಯಿತು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ, ಬೇರೆ ಮುಖ್ಯಮಂತ್ರಿಗಳ ಕಾಲದಲ್ಲಿ, ಅದೇ ಮಂಡಳಿ 5,678 ಎಕರೆಯ ಮೀಸಲಿಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದಾಯಿತು. ಆದರೆ ಬಯಲು ಅದೇ, ಹುಲ್ಲು ಅದೇ. ಬದಲಾದದ್ದು ಅಧ್ಯಕ್ಷರ ಪೀಠ. ಸರ್ಕಾರ ಬದಲಾದಂತೆ ಉತ್ತರ ಬದಲಾಗುವ ಮಂಡಳಿಯನ್ನು ತಜ್ಞರ ಮಂಡಳಿ ಎನ್ನುವುದು ಹೇಗೆ? ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ವಿಷಯದಲ್ಲಿ ಸರ್ಕಾರ ಬದಲಾಗುವುದೂ ಬೇಕಾಗಲಿಲ್ಲ. 2020ರ ಮಾರ್ಚ್ 9ರ ಸಭೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಮಾರ್ಚ್ 20ರ ಸಭೆಯಲ್ಲಿ ಸಿಕ್ಕಿತು. ಹನ್ನೊಂದು ದಿನದಲ್ಲಿ ಪಶ್ಚಿಮಘಟ್ಟದ ಯಾವ ಮರ ತನ್ನ ಅಭಿಪ್ರಾಯ ಬದಲಿಸಿತೋ ತಿಳಿಯದು!

ಜನರನ್ನು ಹೊರಗಿಟ್ಟು ಕಾಡು ಕಾಯುತ್ತೇವೆನ್ನುವುದರ ಫಲ ಕಾಡಿಗೂ ಒಳ್ಳೆಯದಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಒಟ್ಟಿಗೆ ಸತ್ತವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದೇ ಕಾರಣವೆಂದು ತನಿಖೆಯಲ್ಲಿ ಹೇಳಲಾಯಿತು. ಇದು ಪಾಪದ ಕೆಲಸ. ಇದನ್ನು ಸಮರ್ಥಿಸುವ ಲೇಖನಿ ನನ್ನದಲ್ಲ. ಆದರೆ ಕಾಡು ಕಾಯುವ ಹೊರಗುತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲವೆಂಬುದೂ ಅದೇ ಸಮಯದಲ್ಲಿ ಪತ್ರಿಕೆಗಳಲ್ಲಿ ಬಂತು. ಮುಂದಿನ ತಿಂಗಳೇ ಕಾಡಿನಲ್ಲಿ ದನ ಮೇಯಿಸುವುದನ್ನು ನಿಲ್ಲಿಸಬೇಕೆಂಬ ಸೂಚನೆ ಹೊರಟಿತು. ದನ ಮೇಯಿಸುವವನನ್ನು ಎದುರಿಗೆ ಕೂರಿಸಿಕೊಂಡು, "ಅಪ್ಪಾ, ಬೇರೆಲ್ಲಿ ಮೇಯಿಸುತ್ತೀಯೆ? ಪರಿಹಾರ ಎಷ್ಟು ದಿನದಲ್ಲಿ ಬಂದರೆ ನಿನ್ನ ಹೊಟ್ಟೆಯ ಸಿಟ್ಟು ಇಳಿದೀತು?" ಎಂದು ಮೊದಲೇ ಕೇಳಿದ್ದರೆ ಐದು ಹುಲಿಗಳು ಉಳಿಯುತ್ತಿದ್ದವೋ ಏನೋ. ಕೇಳಲು ಜಾಗವೇ ಇಲ್ಲದಿದ್ದಾಗ ಸಿಟ್ಟು ವಿಷದ ಡಬ್ಬಿಯ ಕಡೆ ನಡೆಯುತ್ತದೆ.

ಎದುರು ವಾದ ನನಗೆ ಗೊತ್ತು. "ವನ್ಯಜೀವಿ ಶಾಸ್ತ್ರ ಓದದವರನ್ನು ಕೂರಿಸಿದರೆ ಅವರು ಕೋವಿ ಪರವಾನಗಿ ಕೇಳುತ್ತಾರೆ" ಎನ್ನುತ್ತಾರೆ. ತಜ್ಞರು ಬೇಕು, ಅನುಮಾನವಿಲ್ಲ. ಅವರನ್ನು ಎಬ್ಬಿಸಿ ನಮ್ಮನ್ನು ಕೂರಿಸಿ ಎಂದು ನಾವು ಕೇಳುತ್ತಿಲ್ಲ. ಜನರೆಂದರೆ ಎಲ್ಲರೂ ದೇವರೆಂದೂ ನಾನು ಹೇಳುವುದಿಲ್ಲ. ಉರುಳು ಒಡ್ಡುವವನೂ, ಗೋಮಾಳ ಒತ್ತಿದವನೂ ಜನರಲ್ಲೇ ಇದ್ದಾನೆ. ಆದರೆ ಯಾವ ಹಳ್ಳದಲ್ಲಿ ಚಿರತೆ ಮರಿ ಹಾಕುತ್ತದೆ, ಯಾವ ತಿಂಗಳು ಹುಲ್ಲು ಒಣಗುತ್ತದೆ, ಬೆಂಕಿ ಎಲ್ಲಿಂದ ಬೀಳುತ್ತದೆ ಎಂಬುದು ಮೂವತ್ತು ವರ್ಷ ಅದೇ ಬಯಲಲ್ಲಿ ಕುರಿ ಬಿಟ್ಟವನಿಗೆ ಗೊತ್ತು. ಅದು ವಿದ್ಯೆಯಲ್ಲವೇ? ಪ್ರವಾಸಿಗರ ಕೊಠಡಿ ಬಾಡಿಗೆಯ ಲೆಕ್ಕ ಬಲ್ಲವರು ಮಂಡಳಿಗೆ ಯೋಗ್ಯರಾದರೆ ಇವನು ಹೇಗೆ ಅಯೋಗ್ಯ?

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದದ್ದು ಭತ್ತ ಅಳೆಯುವ ಕೊಳಗದ ವಿಷಯವಾಗಿ. ಕೊಳಗ ಒಡೆಯರ ಕೈಯಲ್ಲಿದ್ದಷ್ಟು ದಿನ ಅಳತೆ ಅವರದ್ದೇ. ಮಂಡಳಿಯೂ ಒಂದು ಕೊಳಗವೇ. ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳು 1,777 ಎಕರೆಗಾಗಿ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತವು. 2025ರ ಜುಲೈ 15ರಂದು ಮುಖ್ಯಮಂತ್ರಿಗಳೇ ಭೂಸ್ವಾಧೀನ ಕೈಬಿಟ್ಟೆವೆಂದು ಹೇಳಬೇಕಾಯಿತು. ಹೊಲದ ವಿಷಯದಲ್ಲಿ ನಮ್ಮನ್ನು ಕೇಳದೆ ತೀರ್ಮಾನಿಸಬೇಡಿ ಎಂದ ಜನ, ಗೋಮಾಳ, ಹುಲ್ಲುಗಾವಲು, ಕೆರೆ, ಕಾಡಿನ ವಿಷಯದಲ್ಲೂ ಅದನ್ನೇ ಹೇಳಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

ಒಂದು, ಕಾಡಂಚಿನ ರೈತರು, ಕುರಿಗಾರರು, ಕಾಡಿನ ದಿನಗೂಲಿಗಳು, ಇವರಲ್ಲಿ ಮಹಿಳೆಯರೂ ಸೇರಿದಂತೆ, ಗ್ರಾಮಸಭೆಗಳು ಸೂಚಿಸಿದ ಸಾರ್ವಜನಿಕ ಸದಸ್ಯರನ್ನು ಮಂಡಳಿಗೆ ಸೇರಿಸಬೇಕು. ಇದಕ್ಕೆ ಕಾಯಿದೆಯಲ್ಲಿ ಶಾಶ್ವತ ಸ್ಥಾನ ಕೊಡುವಂತೆ ವಿಧಾನಸಭೆ ನಿರ್ಣಯ ಮಾಡಿ ಕೇಂದ್ರವನ್ನು ಒತ್ತಾಯಿಸಬೇಕು.

ಎರಡು, ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. 10 ಮತ್ತು 3 ಸ್ಥಾನಗಳಿಗೆ ನಾಮಕರಣ ಮಾಡುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಬಯಲು ಕಾದವನೂ ಸಂರಕ್ಷಕನೆಂದು ಒಪ್ಪಿದರೆ ಸಾಕು. ಹೆಸರುಗಳನ್ನು ಬಹಿರಂಗ ಪ್ರಕಟಣೆ ಹೊರಡಿಸಿ ಕರೆಯಲಿ. ಶಿಫಾರಸಿನ ಚೀಟಿಯಲ್ಲಿ ಬೇಡ.

ಮೂರು, ಸಭೆಯ ವಿಷಯಪಟ್ಟಿ ಹದಿನೈದು ದಿನ ಮುಂಚೆ ಕನ್ನಡದಲ್ಲಿ ಸಂಬಂಧಪಟ್ಟ ಪಂಚಾಯಿತಿಗಳ ಬೋರ್ಡಿನ ಮೇಲೆ ಬರಲಿ. ನಡವಳಿಯೂ ಹಾಗೆಯೇ ಬರಲಿ.

ನಾಲ್ಕು, 2022ರ ತಿದ್ದುಪಡಿ ಮಂಡಳಿಯೊಳಗೆ ಒಂದು ಚಿಕ್ಕ ಸ್ಥಾಯಿ ಸಮಿತಿಗೆ ದಾರಿ ಮಾಡಿದೆ. ಅದರ ಸದಸ್ಯರನ್ನು ಆರಿಸುವವರು ಉಪಾಧ್ಯಕ್ಷರಾದ ಮಂತ್ರಿಗಳು. ಹಜಾರದಲ್ಲಿ ಜನರನ್ನು ಕೂರಿಸಿ ಒಳಕೋಣೆಯಲ್ಲಿ ತೀರ್ಮಾನ ಮಾಡುವ ಆಟ ಬೇಡ. ಆ ಸಮಿತಿಯಲ್ಲೂ ಸಾರ್ವಜನಿಕ ಸದಸ್ಯರಿರಲಿ.

ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಮಾತನ್ನು ನಿರ್ಣಯವಾಗಿ ಬರೆಸಿ, ಪಂಚಾಯಿತಿಯ ಮೊಹರು ಹಾಕಿಸಿ ವಿಧಾನಸೌಧಕ್ಕೆ ಕಳಿಸಿರೆಂದು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಸಂಗಾತಿಗಳನ್ನು ಕೇಳಿಕೊಳ್ಳುತ್ತೇನೆ. ಬರೆಯುವವರು ಸಿಗದಿದ್ದರೆ ನನ್ನನ್ನು ಕರೆಯಿರಿ. ಕಾಗದ, ಮಸಿ ನಾನೇ ತರುತ್ತೇನೆ.

ಕುರಿಗಾರನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಅವನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೆಂಗಳೂರಿನಲ್ಲಿದ್ದಾರೆ. ಕೊಡಿಸಬೇಕಾದವರು ನಾವು.