ಒಂದೇ ಬೆಳೆ ಬಂದ ವರ್ಷವೂ ತಡೆಯೋ ಕಾರು

ಮನೇಲಿ ಒಬ್ಬರು ಇಂಜಿನಿಯರಿಂಗ್ ಓದ್ತಿದ್ದರೆ ಸಾಕು, ಓಣಿಯವರ ಪಾಲಿಗೆ ಅವರು ಎಲ್ಲಾ ಯಂತ್ರಗಳ ಡಾಕ್ಟರು. ಬ್ರಾಂಚ್ ಕಂಪ್ಯೂಟರ್ ಸೈನ್ಸೇ ಇರಲಿ, ಸಿವಿಲ್ಲೇ ಇರಲಿ, ರಜೆಗೆ ಊರಿಗೆ ಹೋದಾಗ ಮಾವನೋ ಕಾಕಾನೋ ಕೇಳೇ ಕೇಳ್ತಾರೆ: "ತಮ್ಮಾ, ಒಂದು ಕಾರು ತಗೋಬೇಕಂತ ಮಾಡೀವಿ. ಯಾವ್ದು ಛಲೋ ಐತಿ?" ನಮ್ಮಲ್ಲಿ ಬಹಳಷ್ಟು ಮಂದಿ ಫೋನ್ ತೆಗೆದು ಎರಡು ರಿವ್ಯೂ ನೋಡಿ, ದೊಡ್ಡ ಸ್ಕ್ರೀನು, ಸನ್‌ರೂಫ್ ಇರೋ ಗಾಡಿ ಹೆಸರು ಹೇಳಿ ಎದ್ದುಬಿಡ್ತಾರೆ. ಕೇಳಿದವರು ನಮ್ಮ ಮಾತು ನಂಬಿ ಏಳು ವರ್ಷ ಸಾಲ ಕಟ್ಟೋರು. ಅವರಿಗೆ ಇದಕ್ಕಿಂತ ಒಳ್ಳೆ ಉತ್ತರ ಕೊಡಬೇಕು ಅನ್ನೋದು ನನ್ನ ವಾದ.

ನಮ್ಮೂರು ಸಿಂಧನೂರು ಕಡೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಭತ್ತದ ಗದ್ದೆ, ಪೇಟೆ ತುಂಬ ಟ್ರ್ಯಾಕ್ಟರ್ ಶೋರೂಮು. ಇಲ್ಲಿ ರೈತರ ಮನೆಗೆ ದುಡ್ಡು ಬರೋದು ತಿಂಗಳ ಒಂದನೇ ತಾರೀಖಿಗಲ್ಲ, ಕಾಲುವೆಗೆ ನೀರು ಸರಿಯಾಗಿ ಬಂದರೆ ವರ್ಷಕ್ಕೆ ಎರಡು ಸಲ. ಕಾರಿನ ಕಂತು ಮಾತ್ರ ವರ್ಷಕ್ಕೆ ಹನ್ನೆರಡು ಸಲ ಬರುತ್ತೆ. ಟ್ರ್ಯಾಕ್ಟರ್ ಸಾಲಕ್ಕೆ ಆರು ತಿಂಗಳಿಗೊಂದು ಕಂತು ಅಂತ ಮಾಡಿಕೊಡೋದುಂಟು. ಕಾರಿನ ಸಾಲಕ್ಕೆ ಸಾಮಾನ್ಯವಾಗಿ ಆ ರಿಯಾಯಿತಿ ಇಲ್ಲ.

ಎರಡು ಬೆಳೆ ಅನ್ನೋದೂ ಈಗ ಖಾತ್ರಿ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯ್ತು. ಆಮೇಲೆ 33 ಗೇಟುಗಳನ್ನೂ ಬದಲಿಸೋ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡಲ್ಲ ಅಂತ ತೀರ್ಮಾನ ಆಯ್ತು. ನೀರು ನಿಂತರೂ ಬ್ಯಾಂಕಿನ ಕಂತು ನಿಲ್ಲಲ್ಲ. ಹಾಗಾಗಿ ನಮ್ಮ ಕಡೆ ಕಾರು ಆರಿಸುವಾಗ ಮೊದಲು ಕೇಳಬೇಕಾದ್ದು "ಮೈಲೇಜ್ ಎಷ್ಟು" ಅಂತಲ್ಲ, "ಒಂದೇ ಬೆಳೆ ಬಂದ ವರ್ಷ ಇದನ್ನ ಸಾಕೋಕೆ ಆಗುತ್ತಾ" ಅಂತ.

ಲೆಕ್ಕ ಹಾಕಿ ನೋಡೋಣ. ಕೈಯಲ್ಲಿ 2 ಲಕ್ಷ ಇದೆ ಅಂದ್ಕೊಳ್ಳಿ, ಬಡ್ಡಿ ಶೇ 9.5. ರಸ್ತೆಗಿಳಿಯೋ ಹೊತ್ತಿಗೆ 10 ಲಕ್ಷ ಆಗೋ ಗಾಡಿಗೆ 8 ಲಕ್ಷ ಸಾಲ, 7 ವರ್ಷ. ಕಂತು ತಿಂಗಳಿಗೆ ಸುಮಾರು 13,075 ರೂಪಾಯಿ, ವರ್ಷಕ್ಕೆ 1.57 ಲಕ್ಷ. ಬಡ್ಡಿಯೊಂದೇ ಹತ್ತಿರತ್ತಿರ 3 ಲಕ್ಷ. ಅದೇ 5 ಲಕ್ಷದ ಚಿಕ್ಕ ಕಾರಿಗೆ 3 ಲಕ್ಷ ಸಾಲ, 5 ವರ್ಷ. ಕಂತು ಸುಮಾರು 6,300, ವರ್ಷಕ್ಕೆ 75,600, ಬಡ್ಡಿ 78 ಸಾವಿರ. ವರ್ಷಕ್ಕೆ 81 ಸಾವಿರದ ವ್ಯತ್ಯಾಸ, ಮೇಲೆ ಎರಡು ವರ್ಷ ಮೊದಲೇ ಸಾಲ ಮುಕ್ತ.

ಈಗ ಎಲ್ಲರೂ ಕೇಳೋ ಮೈಲೇಜಿಗೆ ಬರೋಣ. ಊರಲ್ಲಿ ದಿನಾ ಓಡಾಟಕ್ಕೆ ಬೈಕೇ ಸಾಕು. ಕಾರು ಹೊರಡೋದು ರಾಯಚೂರಿಗೋ ಬಳ್ಳಾರಿಗೋ ಆಸ್ಪತ್ರೆಗೆ, ಮದುವೆಗೆ, ಜಾತ್ರೆಗೆ, ಮಕ್ಕಳನ್ನ ಹಾಸ್ಟೆಲಿಗೆ ಬಿಡೋಕೆ. ವರ್ಷಕ್ಕೆ 8,000 ಕಿ.ಮೀ. ಓಡುತ್ತೆ, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಹಿಡಿಯಿರಿ. ಲೀಟರಿಗೆ 20 ಕಿ.ಮೀ. ಕೊಡೋ ಕಾರಿಗೆ 41,200 ರೂಪಾಯಿ, 14 ಕೊಡೋ ಕಾರಿಗೆ 58,800. ವ್ಯತ್ಯಾಸ 17,600. ಅಂದರೆ ಮೈಲೇಜಿಗಿಂತ ಸಾಲದ ಗಾತ್ರ ಜೇಬಿಗೆ ನಾಲ್ಕು ಪಟ್ಟಿಗಿಂತ ಹೆಚ್ಚು ಹೊಡೆತ ಕೊಡುತ್ತೆ. ಸಿಎನ್‌ಜಿ ಮಾತೂ ಅಷ್ಟೇ. ಅದಕ್ಕೆ ಸುಮಾರು 90 ಸಾವಿರ ಹೆಚ್ಚು ಕೊಟ್ಟು, ಕೆಜಿಗೆ 90 ರೂಪಾಯಿ, 28 ಕಿ.ಮೀ. ಅಂತ ಲೆಕ್ಕ ಹಿಡಿದರೆ ವರ್ಷಕ್ಕೆ ಉಳಿಯೋದು 15 ಸಾವಿರ ಚಿಲ್ಲರೆ. ಹಾಕಿದ ದುಡ್ಡು ವಾಪಸ್ ಬರೋಕೆ ಆರು ವರ್ಷ ಬೇಕು. ಡಿಕ್ಕಿ ಜಾಗವೂ ಸಿಲಿಂಡರ್ ಪಾಲು. ಟ್ಯಾಕ್ಸಿ ಓಡಿಸೋರಿಗೆ ಸರಿ, ನಮಗಲ್ಲ.

ತೆರಿಗೆಯೂ ಚಿಕ್ಕ ಕಾರಿನ ಕಡೆಗೇ ಇದೆ. 4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು ಅನ್ನೋ ಗೆರೆ 2006ರ ಬಜೆಟ್‌ನಿಂದ ಬಂದದ್ದು. 2025ರ ಸೆಪ್ಟೆಂಬರ್ 22ರಿಂದ ಆ ಗೆರೆಯೊಳಗಿನ ಕಾರಿಗೆ ಜಿಎಸ್‌ಟಿ ಶೇ 18, ಅದು ದಾಟಿದ ಪೆಟ್ರೋಲ್ ಕಾರಿಗೆ ಶೇ 40. ನಮ್ಮ ರಾಜ್ಯದ ಜೀವಾವಧಿ ತೆರಿಗೆಯೂ ಬೆಲೆ ಏರಿದಂತೆ ಏರುತ್ತೆ: 5ರಿಂದ 10 ಲಕ್ಷದ ಕಾರಿಗೆ ಶೇ 14, 10 ಲಕ್ಷ ದಾಟಿದರೆ ಶೇ 17, ಅದರ ಮೇಲೆ ಸೆಸ್. ಶೋರೂಮಿನ ಬೋರ್ಡಿನಲ್ಲಿರೋ ಬೆಲೆ ನೋಡಿ ಖುಷಿಪಡಬೇಡಿ, ಆನ್‌ರೋಡ್ ಎಷ್ಟು ಅಂತ ಬರೆಸಿಕೊಳ್ಳಿ.

"ನಮ್ಮ ರಸ್ತೆಗೆ ದೊಡ್ಡ ಗಾಡೀನೇ ಬೇಕಪ" ಅಂತಾರೆ. ಇದರಲ್ಲಿ ಅರ್ಧ ನಿಜ ಇದೆ. ಎರಿ ಮಣ್ಣಿನ ಹೊಲದ ದಾರಿ ಮಳೆಗಾಲದಲ್ಲಿ ಹೆಂಗಿರುತ್ತೆ ಅಂತ ನೋಡಿದವರಿಗೇ ಗೊತ್ತು. ಆದರೆ ಅಲ್ಲಿಗೆ ಹೋಗೋದು ಟ್ರ್ಯಾಕ್ಟರೋ ಬೈಕೋ ಹೊರತು ಕಾರಲ್ಲ. ಕಾರಿಗೆ ತೊಂದರೆ ಕೊಡೋದು ಹಳ್ಳಿ ಹಳ್ಳಿಗೂ ಇರೋ ಹಂಪು. ಅದಕ್ಕೆ ನೆಲದಿಂದ ಎತ್ತರ ಇದ್ದರೆ ಸಾಕು. ರೆನೋ ಕ್ವಿಡ್‌ಗೆ 184 ಮಿ.ಮೀ., ಮಾರುತಿ ಎಸ್‌-ಪ್ರೆಸೊಗೆ 180 ಮಿ.ಮೀ. ಎತ್ತರ ಇದೆ. ಇದು ಖಾಲಿ ಕಾರಿನ ಅಳತೆ ಅನ್ನೋದು ನೆನಪಿರಲಿ. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ, ಮನೆ ಮಂದಿ ಐದೂ ಜನ ಕೂತು ನಿಮ್ಮೂರ ಹಂಪನ್ನೇ ದಾಟಿಸಿ ನೋಡಿ.

ಚಿಕ್ಕ ಕಾರಿನ ವಿರುದ್ಧ ಇರೋ ಗಟ್ಟಿ ಮಾತು ಸುರಕ್ಷತೆಯದ್ದು. ಇದನ್ನ ಮುಚ್ಚಿಡಬಾರದು. ಗ್ಲೋಬಲ್ ಎನ್‌ಕ್ಯಾಪ್ 2023ರಲ್ಲಿ ಕೊಟ್ಟ ಫಲಿತಾಂಶದಲ್ಲಿ, ದೊಡ್ಡವರ ಸುರಕ್ಷತೆಗೆ ಆಲ್ಟೊ ಕೆ10ಗೆ 2 ಸ್ಟಾರ್, ವ್ಯಾಗನ್‌ಆರ್‌ಗೆ ಒಂದೇ ಸ್ಟಾರ್. ಟಾಟಾ ಟಿಯಾಗೊಗೆ 2020ರಲ್ಲೇ 4 ಸ್ಟಾರ್ ಬಂದಿತ್ತು. ಅಂದರೆ ಚಿಕ್ಕದೆಲ್ಲ ಒಂದೇ ಅಲ್ಲ. 2025ರಲ್ಲಿ ಆಲ್ಟೊ ಕೆ10ಗೂ ಆರು ಏರ್‌ಬ್ಯಾಗ್ ಬಂದಿವೆ, ಆದರೆ ಏರ್‌ಬ್ಯಾಗ್ ಇದ್ದ ಮಾತ್ರಕ್ಕೆ ಬಾಡಿ ಗಟ್ಟಿಯಾಗಲ್ಲ. ನಮ್ಮೂರ ಮೇಲೆ ಹಾದುಹೋಗೋ 150ಎ ಹೆದ್ದಾರಿಯಲ್ಲಿ ಸುಗ್ಗಿ ಕಾಲದಲ್ಲಿ ಹಿಂದಿನ ದೀಪ ಇಲ್ಲದ ಟ್ರೈಲರ್ ಎದುರಾಗೋದು ಹೊಸದಲ್ಲ. ಹಾಗಾಗಿ ಸ್ಕ್ರೀನಿಗೆ, ಅಲಾಯ್ ಚಕ್ರಕ್ಕೆ ಕೊಡೋ ದುಡ್ಡನ್ನ ಸುರಕ್ಷತೆ ಇರೋ ಮಾದರಿಗೆ ಕೊಡಿ, ಹಿಂದಿನ ಸೀಟಲ್ಲಿ ಅಮ್ಮನಿಗೂ ಬೆಲ್ಟ್ ಹಾಕಿಸಿ. ಕಂತು ಇದಕ್ಕಾಗಿ ಸಾವಿರ ರೂಪಾಯಿ ಏರಿದರೆ ಆ ಸಾವಿರ ದಂಡವಲ್ಲ.

ಉಳಿದದ್ದು ಮರ್ಯಾದೆಯ ಪ್ರಶ್ನೆ. ಲೆಕ್ಕಕ್ಕಿಂತ ಗಟ್ಟಿ ಇರೋದು ಇದೇ. 2009ರಲ್ಲಿ ಟಾಟಾ ನ್ಯಾನೊ ಲಕ್ಷ ರೂಪಾಯಿ ಕಾರು ಅಂತ ಬಂತು. "ಅಗ್ಗದ ಕಾರು" ಅನ್ನೋ ಹೆಸರೇ ಅದಕ್ಕೆ ಭಾರ ಆಯ್ತು, 2018ರಲ್ಲಿ ಉತ್ಪಾದನೆ ನಿಂತಿತು. ಮಂದಿ ಏನಂತಾರೆ ಅನ್ನೋ ಮಾತು ಶೋರೂಮಿನೊಳಗೂ ನಮ್ಮ ಜೊತೆ ಬರುತ್ತೆ. ಬೀಗರ ಮನೆ ಮುಂದೆ ದೊಡ್ಡ ಗಾಡಿ ನಿಲ್ಲಿಸೋ ಆಸೆ ತಪ್ಪಲ್ಲ. ಆದರೆ ನೀರು ಬರದ ವರ್ಷ ಕಂತಿಗಾಗಿ ಕೈಸಾಲ ಮಾಡೋದು, ತಂಗಿಯ ಕಾಲೇಜು ಫೀಸು ಮುಂದೂಡೋದು ನಮ್ಮ ಮನೆಯವರು. ಆವತ್ತು ಬೀಗರು ಬಂದು ಕಟ್ಟಲ್ಲ.

ಮುಂದಿನ ರಜೆಗೆ ಹೋದಾಗ ಯಾರಾದರೂ ಕೇಳಿದರೆ ಕಾರಿನ ಹೆಸರು ಹೇಳೋಕೆ ಅವಸರ ಬೇಡ. ಒಂದು ಹಾಳೆ ತಗೊಂಡು ಅವರ ಮುಂದೇ ಕೂತು ಬರೆಯಿರಿ: ವರ್ಷಕ್ಕೆ ಎಷ್ಟು ಕಿ.ಮೀ., ಎಷ್ಟು ಜನ, ಕೈಯಲ್ಲಿ ಎಷ್ಟು, ಒಂದೇ ಬೆಳೆ ಬಂದರೆ ಮನೆ ಖರ್ಚು ಕಳೆದು ಎಷ್ಟು ಉಳಿಯುತ್ತೆ. ಸುಗ್ಗಿಗೆ ಹೊಂದಿಸಿ ಕಂತು ಮಾಡಿಕೊಡ್ತೀರಾ ಅಂತ ಬ್ಯಾಂಕಿನಲ್ಲಿ ಕೇಳಿ ಅಂತಲೂ ಹೇಳಿ. ಉಳಿಯೋ ದುಡ್ಡಿನೊಳಗೆ ಕಂತು, ಪೆಟ್ರೋಲು, ವಿಮೆ ಮೂರೂ ಕೂತರೆ ಆ ಕಾರು ತಗೊಳ್ಳಲಿ. ಕೂರದಿದ್ದರೆ "ಕಾಕಾ, ಈ ವರ್ಷ ಬ್ಯಾಡ" ಅಂತ ಹೇಳೋ ಧೈರ್ಯವೂ ನಮಗಿರಬೇಕು.