ಪಾಯಖಾನೆಯ ಆಸಿಡ್ ಸುಡುವುದು ಯಾರ ಕೈಯನ್ನು?

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸೀಮೆ ನಮ್ಮ ಶ್ರೀರಾಮನಗರದ್ದು. ಹಿಂದೆ ಇಲ್ಲಿಯ ಮನೆಗಳಲ್ಲಿ ಮುಸುರೆ ತಿಕ್ಕಲು ಒಲೆಯ ಬೂದಿ, ತಾಮ್ರ-ಹಿತ್ತಾಳೆಗೆ ಹುಣಸೆಹುಳಿ, ಬಟ್ಟೆಗೆ ಅಂಟುವಾಳ ಸಾಕಾಗುತ್ತಿದ್ದವು. ಇಂದು ಕಿರಾಣಿ ಅಂಗಡಿಯಲ್ಲಿ ನೆಲಕ್ಕೊಂದು, ಬಚ್ಚಲಿಗೊಂದು, ಪಾಯಖಾನೆಗೊಂದು ಬಾಟಲಿ. ಕೊಳ್ಳುವವರು ಒಬ್ಬರು, ಅದರ ಹೊಗೆ ಕುಡಿಯುವವರು ಇನ್ನೊಬ್ಬರು. ನಮ್ಮ ತಕರಾರು ಇರುವುದು ಇಲ್ಲಿಯೇ.

ಪಾಯಖಾನೆಗೆ ಸುರಿಯುವ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಚರ್ಮ ಸುಡುತ್ತದೆ, ಕಣ್ಣು ಕೆಡಿಸುತ್ತದೆ. ಹೆಚ್ಚು ಬಿಳುಪಾಗಲೆಂದು ಅದರ ಮೇಲೆ ಬ್ಲೀಚಿಂಗ್ ಪುಡಿ ಚೆಲ್ಲಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಕಿಟಕಿಯಿಲ್ಲದ ಕೋಣೆಯಲ್ಲಿ ಬರಿಗೈಯಿಂದ ತಿಕ್ಕುವ ಹೆಣ್ಣುಮಗಳಿಗೆ ಇದನ್ನು ಹೇಳಿದವರು ಯಾರು? ಬಾಟಲಿಯ ಮೇಲಿನ ಸಣ್ಣಕ್ಷರದ ಎಚ್ಚರಿಕೆ ಅವಳಿಗಾಗಿ ಅಚ್ಚಾದದ್ದಲ್ಲ.

ಆಸಿಡ್ ಎರಚಿ ಹೆಣ್ಣುಮಕ್ಕಳ ಬಾಳು ಸುಟ್ಟ ಪ್ರಕರಣಗಳನ್ನು ಕಂಡು ಸುಪ್ರೀಂ ಕೋರ್ಟು 2013ರಲ್ಲಿ ಅದರ ಬಿಡಿ ಮಾರಾಟಕ್ಕೆ ಕಡಿವಾಣ ಹಾಕಿತು. ಕೊಳ್ಳುವವರ ಹೆಸರು, ವಿಳಾಸ, ಕಾರಣಗಳನ್ನು ಬರೆದಿಡಬೇಕೆಂದಿತು. ಕೊಳ್ಳುವಾಗ ಇಷ್ಟು ಎಚ್ಚರ ಬೇಕಾದ ವಸ್ತುವನ್ನು ದಿನನಿತ್ಯ ಕೈಯಲ್ಲಿ ಹಿಡಿಯುವವರಿಗೆ ಒಂದು ಜೊತೆ ಕೈಗವಸು ಕೊಡಲು ಯೋಚಿಸಬೇಕೆ?

ಬದಲಿ ದೂರವಿಲ್ಲ. ನೀರಿನ ಬಿಳಿಕಲೆಗೆ ಹುಣಸೆನೀರು ಇಲ್ಲವೆ ನಿಂಬೆರಸ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ತಿಕ್ಕಬೇಕು. ಅಂಟುವಾಳದ ನೊರೆ ನೆಲಕ್ಕೂ ಆಗುತ್ತದೆ, ಪಾತ್ರೆಗೂ ಆಗುತ್ತದೆ. ಗುಂಡಿಯಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳು ಆಸಿಡ್‌ನಿಂದ ಸಾಯುತ್ತವೆ. ಇವುಗಳಿಂದ ಆ ಭಯವಿಲ್ಲ.

ಆದರೆ ನಿಸರ್ಗದ್ದೆಲ್ಲ ಅಮೃತವೆಂಬ ಭ್ರಮೆಯೂ ಬೇಡ. ನೂರು ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು, ಅದು ಉರಿದರೆ ಸುಮಾರು 4 ಕಿಲೋ ಬೂದಿ. ಅದರ ಬಹುಪಾಲು ಸಿಲಿಕಾ. ಗಿರಣಿಯ ಬಾಯ್ಲರಿನಲ್ಲಿ ಹೆಚ್ಚು ಕಾವಿಗೆ ಬೆಂದ ಆ ಬೂದಿಯ ಧೂಳು ಪುಪ್ಪುಸಕ್ಕೆ ಹಾನಿ. ಒಲೆಯ ಬೂದಿಯನ್ನೂ ಒದ್ದೆ ಮಾಡಿಯೇ ಬಳಸಬೇಕು. ಆಸ್ಪತ್ರೆಯಲ್ಲಿ ರಕ್ತ ಬಿದ್ದ ನೆಲಕ್ಕೆ ಹುಣಸೆಹುಳಿ ಸಾಲದು. ಅಲ್ಲಿ ಬ್ಲೀಚಿಂಗ್ ದ್ರಾವಣ ಬೇಕೇ ಬೇಕು. ಆದರೆ ಕೈಗವಸು, ಗಾಳಿ, ತಿಳಿವಳಿಕೆಗಳೊಡನೆ.

ರಾತ್ರಿ ನೆನೆಸಿ ಬೆಳಗ್ಗೆ ತಿಕ್ಕಲು ಹೊತ್ತು ಬೇಕು. ಹೊತ್ತಿಗೆ ಕೂಲಿ ಬೇಕು. ಐದು ನಿಮಿಷದಲ್ಲಿ ಬೆಳ್ಳಗಾಗಬೇಕೆಂದು ಹಟ ಹಿಡಿಯುವವರೇ ಆಸಿಡ್ ತರಿಸುತ್ತಾರೆ. ಆದ್ದರಿಂದ ಬರಿಯ ಉಪದೇಶ ಗೃಹಿಣಿಯರಿಗೆ ಬೇಡ. ಪಂಚಾಯಿತಿ, ವಿದ್ಯಾರ್ಥಿನಿಲಯ, ಶಾಲೆ, ಕಚೇರಿಗಳು ಮೊದಲು ತಮ್ಮ ಖರೀದಿ ಪಟ್ಟಿಯಿಂದ ಆಸಿಡ್ ತೆಗೆಯಲಿ. ತೊಳೆಯುವವರಿಗೆ ಕೈಗವಸು ಕೊಡಲಿ. ತೊಳೆಯುವ ಹೊತ್ತಿಗೆ ತಕ್ಕ ಕೂಲಿಯನ್ನೂ ಕೊಡಲಿ. ಊರನ್ನು ಚೊಕ್ಕಟವಾಗಿಡುವವರ ಉಸಿರು ಕೆಡಿಸಿ ಪಡೆದ ಬಿಳುಪು ಚೊಕ್ಕಟವೆನಿಸಿಕೊಳ್ಳದು.